ಕುಡಿದವನ ಕೈಬೆರಳಿನ ಬೆಲೆ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಟ್ಟಿದ ಚೀಲಗಳು ಕುಸಿದು ಹಮಾಲನ ಕಾಲು ಮುರಿದರೆ, ರಾಣೆಬೆನ್ನೂರಿನ ಅರಳೆ ಗಿರಣಿಯಲ್ಲಿ ಯಂತ್ರಕ್ಕೆ ಸಿಕ್ಕು ಒಬ್ಬನ ಬೆರಳು ತುಂಡಾದರೆ, ಸುತ್ತ ನೆರೆದವರು ಮೊದಲು ಕೇಳುವುದು ಒಂದೇ ಮಾತು: ‘ಕುಡದಿದ್ನೇನು?’ ಹೌದೆಂದು ಉತ್ತರ ಬಂದರೆ ಪರಿಹಾರದ ಮಾತು ಅಲ್ಲಿಗೇ ಮುಗಿಯಿತೆಂದು ಮಾಲಕರಷ್ಟೇ ಅಲ್ಲ, ಗಾಯಗೊಂಡವನ ಮನೆಯವರೂ ತಿಳಿಯುವುದುಂಟು. ಕಾಯಿದೆ ಹೇಳುವುದು ಬೇರೆ.

ಕಾರ್ಮಿಕರ ನಷ್ಟ ಪರಿಹಾರ ಕಾಯಿದೆ 1923ರಲ್ಲಿ ರೂಪುಗೊಂಡು 1924ರ ಜುಲೈ 1ರಂದು ಜಾರಿಗೆ ಬಂದಿತು. ಆಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಅಪಘಾತಕ್ಕೆ ಕಾರ್ಮಿಕನ ಮದ್ಯದ ಅಮಲೇ ನೇರ ಕಾರಣವಾಗಿದ್ದರೆ ಮಾಲಕನು ಏನೂ ಕೊಡಬೇಕಿಲ್ಲವೆಂಬ ವಿನಾಯಿತಿ ಅದರ ಮೂರನೆಯ ಕಲಮಿನಲ್ಲಿತ್ತು. ಗಾಯವಾದರೂ ಅಷ್ಟೆ, ಸಾವಾದರೂ ಅಷ್ಟೆ.

ಇಲ್ಲೊಂದು ವಿಚಿತ್ರವುಂಟು. ಈ ಕಾಯಿದೆಗೆ ಮಾದರಿಯಾದ ಬ್ರಿಟನ್ನಿನಲ್ಲಿ 1906ರ ಹೊತ್ತಿಗೇ ನಿಯಮ ಸಡಿಲವಾಗಿತ್ತು. ಕಾರ್ಮಿಕನ ದುರ್ನಡತೆಯಿಂದಲೇ ಅಪಘಾತವಾದರೂ, ಸಾವು ಅಥವಾ ಗಂಭೀರವಾದ ಶಾಶ್ವತ ಊನ ಉಂಟಾದರೆ ಅಲ್ಲಿ ಪರಿಹಾರ ತಪ್ಪುತ್ತಿರಲಿಲ್ಲ. ತಮ್ಮ ನಾಡಿನ ಕೂಲಿಕಾರರಿಗೆ ಕೊಟ್ಟ ರಿಯಾಯಿತಿಯನ್ನು ಆಳುವವರು ಇಲ್ಲಿಯವರಿಗೆ ಕೊಡಲಿಲ್ಲ. ವ್ಹಿಟ್ಲೆ ಅಧ್ಯಕ್ಷತೆಯ ರಾಯಲ್ ಕಮಿಷನ್ 1931ರಲ್ಲಿ ವರದಿ ಸಲ್ಲಿಸಿದ ಮೇಲೆ, 1933ರ ತಿದ್ದುಪಡಿ ಸಾವಿನ ಪ್ರಕರಣಗಳನ್ನು ಈ ವಿನಾಯಿತಿಯಿಂದ ಹೊರಗಿಟ್ಟಿತು. ಸತ್ತವನು ಎದ್ದುಬಂದು ತಾನು ಕುಡಿದಿರಲಿಲ್ಲವೆಂದು ಹೇಳಲಾರ. ಪರಿಹಾರ ನಿರಾಕರಿಸಿದರೆ ಶಿಕ್ಷೆ ಆಗುವುದು ಅವನ ಹೆಂಡತಿ ಮಕ್ಕಳಿಗೆ. ಶಾಶ್ವತವಾಗಿ, ಪೂರ್ಣವಾಗಿ ಊನಗೊಂಡವರಿಗೆ ಇದೇ ರಕ್ಷಣೆ ದೊರೆತದ್ದು ಮಾತ್ರ 1995ರಲ್ಲಿ.

ಈ ನಡುವೆ ಕುಡಿತದ ಕಾನೂನೂ ಬದಲಾಗುತ್ತ ಬಂತು. 1949ರ ಮುಂಬಯಿ ಪಾನನಿರೋಧ ಕಾಯಿದೆಯಡಿ ಪರವಾನಿಗೆ ಇಲ್ಲದೆ ಕುಡಿಯುವುದೇ ಅಪರಾಧವಾಗಿತ್ತು. ಆಗ ಅಪಘಾತಕ್ಕೀಡಾದವನು ಕುಡಿದಿದ್ದೆನೆಂದು ಒಪ್ಪಿಕೊಂಡರೆ ಪರಿಹಾರದ ಜೊತೆಗೆ ಬಿಡುಗಡೆಯ ಆಸೆಯನ್ನೂ ಬಿಡಬೇಕಿತ್ತು! 1956ರಲ್ಲಿ ಈ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಪಾನನಿರೋಧ ಹೋಗಿ ಸಾರಾಯಿ ಅಂಗಡಿಗಳು ಬಂದವು. 2007ರ ಜುಲೈ 1ರಿಂದ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ.

ಇಷ್ಟೆಲ್ಲ ಆದ ಮೇಲೂ ಉಳಿದದ್ದು ಭಾಗಶಃ ಊನದ ಪ್ರಶ್ನೆ. ಕಾಯಿದೆಯ ಅನುಸೂಚಿ ದೇಹದ ಒಂದೊಂದು ಅಂಗಕ್ಕೂ ಲೆಕ್ಕ ಹಾಕಿದೆ: ಎರಡೂ ಕೈ ಹೋದರೆ ಗಳಿಕೆಯ ಶಕ್ತಿ ನೂರಕ್ಕೆ 100ರಷ್ಟು ನಷ್ಟ, ಒಂದು ಕೈಗೆ 60, ನಾಲ್ಕು ಬೆರಳಿಗೆ 50, ಎರಡು ಬೆರಳಿಗೆ 20. ಅಮಲಿನಲ್ಲಿ ಎರಡೂ ಕೈ ಕಳೆದುಕೊಂಡವನಿಗೆ ಪೂರ್ಣ ಪರಿಹಾರವುಂಟು. ಅದೇ ಅಮಲಿನಲ್ಲಿ ಒಂದೇ ಕೈ ಕಳೆದುಕೊಂಡವನಿಗೆ ಬಿಡಿಗಾಸೂ ಇಲ್ಲದಿರಬಹುದು. ಇದರಲ್ಲಿ ನ್ಯಾಯ ಹುಡುಕುವುದು ಕಷ್ಟ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಷರತ್ತನ್ನು ಹಾಗೆಯೇ ಇಟ್ಟುಕೊಳ್ಳಲಾಗಿದೆ.

ಆದರೂ ‘ನೇರ ಕಾರಣ’ ಎಂಬ ಎರಡು ಶಬ್ದ ಕಾರ್ಮಿಕನ ಪಾಲಿಗೆ ದೊಡ್ಡ ಆಸರೆ. ಬಾಯಿಂದ ಮದ್ಯದ ವಾಸನೆ ಬರುತ್ತಿತ್ತೆಂದು ಆಸ್ಪತ್ರೆಯ ಚೀಟಿಯಲ್ಲಿ ಬರೆದ ಮಾತ್ರಕ್ಕೆ ಸಾಲದು. ಆ ಅಮಲಿನಿಂದಲೇ ಅಪಘಾತವಾಯಿತೆಂದು ಮಾಲಕ ಸಾಬೀತುಮಾಡಬೇಕು. ಸಡಿಲವಾಗಿ ಒಟ್ಟಿದ ಚೀಲಗಳು ತಾವಾಗಿ ಉರುಳಿದರೆ, ಕೆಳಗಿದ್ದವನು ಕುಡಿದಿದ್ದರೇನು, ಬಿಟ್ಟಿದ್ದರೇನು? ಹಾಗೆಂದು ಎಲ್ಲಕ್ಕೂ ಪರಿಹಾರವಿಲ್ಲ. ಅಪಘಾತ ಕೆಲಸದ ಅವಧಿಯಲ್ಲಿ, ಕೆಲಸದ ಕಾರಣದಿಂದಲೇ ಆಗಿರಬೇಕು. ಸಂಜೆ ಕುಡಿದು ಮನೆಯ ದಾರಿಯಲ್ಲಿ ಚರಂಡಿಗೆ ಬಿದ್ದವನಿಗೆ ಈ ಕಾಯಿದೆ ಒದಗುವುದಿಲ್ಲ.

ಪೇಟೆಯ ಹಮಾಲನಿಗಂತೂ ಕುಡಿತಕ್ಕಿಂತ ಮೊದಲು ಎದುರಾಗುವ ತೊಡಕು ಬೇರೆಯೇ ಇದೆ. ಗೋದಾಮು, ಪೇಟೆಗಳಲ್ಲಿ ಸರಕು ಹೊರುವವರನ್ನು ಕಾಯಿದೆಯ ಅನುಸೂಚಿ ಹೆಸರಿಸಿದೆ, ನಿಜ. ಆದರೆ ಬೆಳಿಗ್ಗೆ ಒಂದು ದಲಾಲಿ ಅಂಗಡಿ, ಮಧ್ಯಾಹ್ನ ಇನ್ನೊಂದು, ಸಂಜೆ ಯಾವುದೋ ಲಾರಿ ಎಂದು ಓಡಾಡುವವನಿಗೆ ಮಾಲಕ ಯಾರು? ಲೈಸೆನ್ಸ್ ಕೊಟ್ಟದ್ದು ಮಾರುಕಟ್ಟೆ ಸಮಿತಿ, ಚೀಲ ಹೊರಿಸಿದ್ದು ಅಂಗಡಿಯವರು. ಕಾಲು ಮುರಿದ ದಿನ ತಾನು ಯಾರ ಚೀಲ ಹೊತ್ತಿದ್ದೆನೆಂದು ತೋರಿಸಲು ಅವನ ಬಳಿ ಚೀಟಿಯೇ ಇರುವುದಿಲ್ಲ.