ದರಕು ಗುಡಿಸಲು ಎಷ್ಟು ಖರ್ಚು? ಒಂದು ಹಳೆಯ ಲೆಕ್ಕ

ಮೊದಲು ಈಗಿನ ಲೆಕ್ಕ ನೋಡೋಣ. ಮನೆಯ ಸುತ್ತ ಎರಡು ಹಲಸು, ಮೂರು ಮಾವು, ಬೇಲಿಗೆ ತಾಗಿ ಒಂದು ಮತ್ತಿ ಮರ ಇದೆ ಎಂದಿಟ್ಟುಕೊಳ್ಳಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಇದು ತೀರಾ ಸಾಮಾನ್ಯ ಮನೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಎಲೆ ಉದುರುವ ಕಾಲ. ವಾರಕ್ಕೆ ಅರ್ಧ ದಿನ ಒಬ್ಬ ಆಳು ಬಂದು ಗುಡಿಸಿದರೂ 16 ವಾರಕ್ಕೆ 8 ಆಳು ಬೇಕು. 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. ಆ ದರ ಹಿಡಿದರೂ 2,960 ರೂಪಾಯಿ. ಅಡಿಕೆ ಕೊಯ್ಲಿನ ಹೊತ್ತಿನಲ್ಲಿ ಆ ದರಕ್ಕೆ ಯಾರು ಬರುತ್ತಾರೆ ಎಂದು ನೀವು ನಗಬಹುದು. ಸರಿ, 500 ಎನ್ನಿ. 4,000 ಆಯಿತು. ಹಂಚಿನ ಮೇಲೆ ಬಿದ್ದದ್ದು, ದೋಣಿಯಲ್ಲಿ ತುಂಬಿಕೊಂಡದ್ದು, ಬಾವಿಗೆ ಬಿದ್ದದ್ದು ಇದರಲ್ಲಿ ಸೇರಿಲ್ಲ.

ದುಡ್ಡು ಕೊಡಬಲ್ಲವರಿಗೂ ಆಳು ಸಿಗುವುದಿಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಈಗ ಇರುವುದು ಎಪ್ಪತ್ತು ದಾಟಿದ ಇಬ್ಬರೇ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಫೋನ್‌ಪೇಯಲ್ಲಿ ದುಡ್ಡು ಬರುತ್ತದೆ, ಗುಡಿಸುವ ಕೈ ಬರುವುದಿಲ್ಲ. ಹಾಗಾಗಿ ಬೆನ್ನು ಬಗ್ಗಿಸಲಾಗದ ಅಮ್ಮ ಬೆಳಿಗ್ಗೆ ಒಂದು ತಾಸು ಗುಡಿಸಿ ಗುಡ್ಡೆ ಮಾಡುತ್ತಾರೆ, ಅಪ್ಪ ಅದಕ್ಕೆ ಕಡ್ಡಿ ಗೀರುತ್ತಾರೆ. ಇನ್ನು ಕೆಲವರು ಗುಡಿಸುವ ಗೋಳೇ ಬೇಡವೆಂದು ಮರವನ್ನೇ ಕಡಿಸುತ್ತಾರೆ.

ಇದೇ ಎಲೆಗಾಗಿ ಇದೇ ಊರುಗಳಲ್ಲಿ ಜಗಳವಾಗಿದೆ, ಸರಕಾರಕ್ಕೆ ಅರ್ಜಿಗಳು ಹೋಗಿವೆ, ಕಾನೂನೇ ಆಗಿದೆ. ನಮ್ಮ ಕಡೆ ದರಕು ಎನ್ನುತ್ತೇವೆ, ತೀರ್ಥಹಳ್ಳಿ ಕಡೆ ದರಗು, ಬಯಲುಸೀಮೆಯವರಿಗೆ ತರಗೆಲೆ. ಹೆಸರು ಏನೇ ಇರಲಿ, ನೂರು ವರ್ಷದ ಹಿಂದೆ ಅದನ್ನು ಕಸ ಎಂದು ಕರೆದವರಿಲ್ಲ.

ಕಾರಣ ಸರಳ. ಮಲೆನಾಡಿನ ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುತ್ತದೆ. ಕಣಿವೆಯ ಅಡಿಕೆ ತೋಟಕ್ಕೆ ಪ್ರತಿ ವರ್ಷ ಗೊಬ್ಬರ ಹಾಕದಿದ್ದರೆ ಮರ ಸೊರಗುತ್ತದೆ. ಗೊಬ್ಬರ ಎಂದರೆ ಕೊಟ್ಟಿಗೆಯ ಗೊಬ್ಬರ. ಅದು ಸೆಗಣಿಯೊಂದರಿಂದಲೇ ಆಗುವುದಲ್ಲ. ಮಳೆಗಾಲದಲ್ಲಿ ದನದ ಕಾಲಡಿಗೆ ಹಸಿ ಸೊಪ್ಪು, ಬೇಸಗೆಯಲ್ಲಿ ಒಣ ದರಕು. ಅದನ್ನು ದನ ತುಳಿದು, ಸೆಗಣಿ ಗಂಜಲ ಸೇರಿ, ಗುಂಡಿಯಲ್ಲಿ ಕೊಳೆತು ತೋಟಕ್ಕೆ ಹೋಗುತ್ತಿತ್ತು. ದರಕು ಒಂದೇ ಆದರೆ ಕೊಳೆಯಲು ತುಂಬಾ ಸಮಯ ಬೇಕು, ಸೆಗಣಿ ಒಂದೇ ಆದರೆ ಪ್ರಮಾಣ ಸಾಲದು. ಎರಡನ್ನೂ ಕೂಡಿಸಿದ್ದು ಹಿರಿಯರ ಜಾಣತನ.

ಟಿಪ್ಪು ಸುಲ್ತಾನ್ ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು, ಕನ್ನಡ, ಮಲಬಾರು ಸೀಮೆಗಳ ಸ್ಥಿತಿ ನೋಡಿಕೊಂಡು ಬಾ ಎಂದು ಕಳಿಸಿತು. 1801ರಲ್ಲಿ ಆತ ಸೋಂದೆ ಸೀಮೆಗೂ ಬಂದ. ಅಡಿಕೆ ತೋಟ ಹೇಗೆ ಮಾಡುತ್ತಾರೆ, ಎಲೆ ಹಾಕಿದ ಕೊಟ್ಟಿಗೆ ಗೊಬ್ಬರ ಹೇಗೆ ಬಳಸುತ್ತಾರೆ ಎಂಬುದನ್ನೆಲ್ಲ ಕೂತು ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪುಸ್ತಕ ಓದಿದರೆ ಒಂದು ಗೊತ್ತಾಗುತ್ತದೆ: ನಮ್ಮ ತೋಟದ ಲೆಕ್ಕದಲ್ಲಿ ಗೊಬ್ಬರದ ಕೆಲಸ ದೊಡ್ಡ ಬಾಬ್ತು.

ಆಮೇಲೆ ಬಂದದ್ದು ಗೆರೆ ಎಳೆಯುವ ಕಾಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1878ರ ಅರಣ್ಯ ಕಾಯ್ದೆ ಬಂತು. ಮುಂದಿನ ದಶಕಗಳಲ್ಲಿ ಜಿಲ್ಲೆಯ ಕಾಡಿನ ಬಹುಪಾಲು ಸರಕಾರದ ಅರಣ್ಯವಾಯಿತು. ಅಲ್ಲಿಯವರೆಗೆ ದರಕು ಬೇಕಾದರೆ ಕಾಡಿಗೆ ಹೋಗಿ ತರುವುದು, ಅಷ್ಟೇ. ಈಗ ಯಾರ ಕಾಡು, ಎಲ್ಲಿಯ ತನಕ, ಎಷ್ಟು ಎಂಬ ಪ್ರಶ್ನೆ ಎದ್ದಿತು. ಆದರೆ ಅಡಿಕೆ ತೋಟದಿಂದ ಬರುವ ಕಂದಾಯವನ್ನು ಬಿಡಲು ಬ್ರಿಟಿಷರಿಗೂ ಮನಸ್ಸಿರಲಿಲ್ಲ. ಗೊಬ್ಬರವಿಲ್ಲದೆ ತೋಟವಿಲ್ಲ, ತೋಟವಿಲ್ಲದೆ ಕಂದಾಯವಿಲ್ಲ. ಹೀಗೆ ಸೊಪ್ಪಿನ ಬೆಟ್ಟ ಕಾಗದದ ಮೇಲೆ ಬಂತು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ. ಒಂದು ಎಕರೆಯನ್ನು ಸಾಕಲು ಒಂಬತ್ತು ಎಕರೆಯ ಎಲೆ ಬೇಕು ಎಂದು ಸರಕಾರವೇ ಒಪ್ಪಿಕೊಂಡ ಹಾಗಾಯಿತಲ್ಲ! ಎಲೆಯ ಬೆಲೆ ತಿಳಿಯಬೇಕಾದರೆ ಈ ಒಂದು ಅಂಕಿ ಸಾಕು.

ಆ ಬೆಟ್ಟ ತೋಟದವನ ಆಸ್ತಿಯಲ್ಲ, ಅವನಿಗೆ ಕೊಟ್ಟ ಸವಲತ್ತು. ಸೊಪ್ಪು ಕಡಿಯಬಹುದು, ದರಕು ಗುಡಿಸಬಹುದು, ಸ್ವಂತ ಬಳಕೆಗೆ ಮಾತ್ರ. ಸಾಗವಾನಿ, ಬೀಟೆ, ಗಂಧದ ಮರ ಮುಟ್ಟುವ ಹಾಗಿಲ್ಲ. ದಕ್ಷಿಣ ಕನ್ನಡದಲ್ಲಿ ಇದಕ್ಕೆ ಹೋಲುವುದು ಕುಮ್ಕಿ, ಕೊಡಗಿನಲ್ಲಿ ಬಾಣೆ. ಸ್ವಾತಂತ್ರ್ಯ ಬಂದ ಮೇಲೂ ಇದು ಹೋಗಲಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಸೆಕ್ಷನ್ ಕುಮ್ಕಿ, ಬಾಣೆ, ಬೆಟ್ಟ, ಹಾಡಿಗಳ ಸವಲತ್ತನ್ನು ಉಳಿಸಿತು. ತೋಟವಿರುವ ಓದುಗರು ಪಹಣಿ ತೆಗೆದು ನೋಡಿ, ಬೆಟ್ಟದ ಮಾತು ಈಗಲೂ ಸಿಗುತ್ತದೆ.

ತೋಟವಿಲ್ಲದವರ ಗತಿ? ಇದನ್ನು ನಮ್ಮ ಕಡೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಬೆಟ್ಟ ತೋಟದ ಜೊತೆ ಅಂಟಿಕೊಂಡದ್ದು. ತೋಟವಿದ್ದವನಿಗೆ ಒಂಬತ್ತು ಪಾಲು, ಇಲ್ಲದವನಿಗೆ ಸೊನ್ನೆ. ಗದ್ದೆ ಗೇಣಿ ಮಾಡುವವರು, ಕೂಲಿಯವರು ಬೆಟ್ಟದ ಗಡಿ ದಾಟಿ ಸರಕಾರಿ ಕಾಡಿಗೆ ಹೋಗಬೇಕು, ಗಾರ್ಡಿನ ಕಣ್ಣು ತಪ್ಪಿಸಬೇಕು ಇಲ್ಲವೇ ಅವನ ಕೈ ಬೆಚ್ಚಗೆ ಮಾಡಬೇಕು. 1930ರಲ್ಲಿ ಅಂಕೋಲಾ ಕಡೆ ಉಪ್ಪಿನ ಸತ್ಯಾಗ್ರಹದ ಬೆನ್ನಿಗೇ ಜನ ಅರಣ್ಯ ಕಾನೂನು ಮುರಿದರು, ಅಂಕೋಲಾ ಮತ್ತು ಸಿದ್ದಾಪುರದಲ್ಲಿ ಕರನಿರಾಕರಣೆ ನಡೆಯಿತು, ಎಷ್ಟೋ ಮನೆಗಳು ಜಪ್ತಿಯಾದವು. ಅದು ಸ್ವರಾಜ್ಯದ ಹೋರಾಟವೇ ಹೌದು. ಆದರೆ ಕಾಡಿನ ಕಾನೂನು ಮುರಿಯೋಣ ಎಂದಾಗ ಹಳ್ಳಿಯವರು ಅಷ್ಟು ಬೇಗ ಎದ್ದು ಬಂದದ್ದರಲ್ಲಿ ಸೊಪ್ಪು, ದರಕು, ಕಟ್ಟಿಗೆಯ ನಿತ್ಯದ ಸಿಟ್ಟಿಗೂ ಪಾಲಿದೆ ಎಂಬುದು ನನ್ನ ಎಣಿಕೆ.

ದರಕು ಹೊತ್ತವರು ಯಾರು? ಹೆಚ್ಚಾಗಿ ಹೆಂಗಸರು. ಬೆಳಗಿನ ಇಬ್ಬನಿ ಇರುವಾಗಲೇ ಹೋಗಬೇಕು. ಬಿಸಿಲೇರಿದರೆ ಎಲೆ ಪುಡಿಯಾಗುತ್ತದೆ, ಕಲ್ಲಿಯಲ್ಲಿ ನಿಲ್ಲುವುದಿಲ್ಲ. ಕಲ್ಲಿ ಎಂದರೆ ಹಗ್ಗದಿಂದ ಹೆಣೆದ ದೊಡ್ಡ ಬಲೆ. ಅದನ್ನು ಹಾಸಿ, ಎಲೆ ತುಂಬಿ, ಕಾಲಲ್ಲಿ ತುಳಿದು, ಬಿಗಿದು ಕಟ್ಟಿದರೆ ಆಳಿಗಿಂತ ಹೊರೆಯೇ ದೊಡ್ಡದು. ದೂರದಿಂದ ನೋಡಿದರೆ ಹೊರೆಗೆ ಕಾಲು ಬಂದು ನಡೆದ ಹಾಗೆ. ವರದಿಗೆಂದು ಹೋದಾಗ ಒಬ್ಬ ಅಜ್ಜಿ ಹೇಳಿದ್ದರು: "ತಮಾ, ಭಾರ ಕುತ್ತಿಗೆಗಲ್ಲ, ಕಣ್ಣಿಗೆ. ಮುಂದೆ ದಾರಿಯೇ ಕಾಣ್ತಿರಲಿಲ್ಲ." ಕೂಲಿ ಭತ್ತದಲ್ಲಿ, ಜೊತೆಗೆ ಒಂದು ಊಟ. ಕೆಲವು ಕಡೆ ಒಡೆಯರ ಮನೆಗೆ ದರಕು ಹಾಕುವುದು ಗೇಣಿದಾರನ ಬಿಟ್ಟಿ ಕೆಲಸದಲ್ಲೇ ಸೇರಿತ್ತು.

ಹಾಗಾದರೆ ಆ ಕಾಲದಲ್ಲಿ ಅಂಗಳ ಗುಡಿಸಲು ಎಷ್ಟು ಖರ್ಚು? ಒಂದು ಪೈಸೆಯೂ ಇಲ್ಲ ಎನ್ನಬೇಕು. ಅಂಗಳವೆಂದರೆ ಶೋಕಿಯ ಜಾಗವಲ್ಲ. ಮಳೆ ಮುಗಿದ ಮೇಲೆ ಕೆತ್ತಿ, ತಟ್ಟಿ, ಸೆಗಣಿ ಸಾರಿಸಿದರೆ ಅದೇ ಕಣ, ಅದೇ ಅಡಿಕೆ ಒಣಗಿಸುವ ನೆಲ. ಅದರ ಮೇಲೆ ಬಿದ್ದ ಎಲೆಯನ್ನು ದಿನಾ ಗುಡಿಸಲೇಬೇಕು, ಗುಡಿಸಿದ್ದು ನೇರ ಕೊಟ್ಟಿಗೆಗೆ ಅಥವಾ ಬಚ್ಚಲ ಒಲೆಗೆ. ಬೆಟ್ಟಕ್ಕೆ ಹೋಗಿ ತರಬೇಕಾದ್ದು ತಾನಾಗಿ ಮನೆ ಬಾಗಿಲಿಗೆ ಉದುರಿದೆ, ಅದಕ್ಕೆ ಖರ್ಚು ಎಂದು ಯಾರು ಬರೆಯುತ್ತಾರೆ? ಗುಡಿಸಿದ ಸೊಸೆಯ, ಆಳಿನ ದುಡಿಮೆಗೆ ಬೆಲೆ ಕಟ್ಟಿರಲಿಲ್ಲ ಎಂಬುದೂ ಅಷ್ಟೇ ನಿಜ. ಹಳೆಯ ಕಾಲ ಚೆನ್ನಾಗಿತ್ತು ಎಂದು ಹಾಡುವವರು ಇದನ್ನು ಮರೆಯುತ್ತಾರೆ.

ಲೆಕ್ಕ ತಲೆಕೆಳಗಾದದ್ದು ಎರಡು ಕಡೆಯಿಂದ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಗೇಣಿದಾರ ಭೂಮಿಯ ಒಡೆಯನಾದ. ಬಿಟ್ಟಿ ದರಕು ನಿಂತಿತು, ನಿಲ್ಲಬೇಕಾದದ್ದೇ. ಅದೇ ಹೊತ್ತಿಗೆ ಗೊಬ್ಬರದ ಚೀಲ ಊರಿಗೆ ಬಂತು. ಪಣಂಬೂರಿನ ಮಂಗಳೂರು ಕೆಮಿಕಲ್ಸ್ ಕಾರ್ಖಾನೆ ಉತ್ಪಾದನೆ ಶುರು ಮಾಡಿದ್ದು 1976ರಲ್ಲಿ.

ಚೀಲವನ್ನೂ ಕಲ್ಲಿಯನ್ನೂ ತಕ್ಕಡಿಗೆ ಹಾಕಿ ನೋಡಿ. 45 ಕಿಲೋ ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಅಂದರೆ ಸುಮಾರು 20 ಕಿಲೋ. ಚೀಲದ ಬೆಲೆ 266 ರೂಪಾಯಿ 50 ಪೈಸೆ. ಒಣ ಎಲೆಯಲ್ಲಿ ಸಾರಜನಕ ನೂರಕ್ಕೆ ಒಂದು ಪಾಲಿನ ಆಸುಪಾಸು. ಅಷ್ಟೇ ಸಾರಜನಕ ಎಲೆಯಿಂದ ಬೇಕೆಂದರೆ 2,000 ಕಿಲೋ ದರಕು. ಒಂದು ಹೊರೆ 20 ಕಿಲೋ ಎಂದರೆ 100 ಹೊರೆ. ದಿನಕ್ಕೆ 4 ಹೊರೆ ತಂದರೆ 25 ದಿನದ ಕೂಲಿ. 370ರ ದರದಲ್ಲಿ 9,250 ರೂಪಾಯಿ.

266 ಎಲ್ಲಿ, 9,250 ಎಲ್ಲಿ! ದರಕಿನ ಕಲ್ಲಿ ಅಟ್ಟ ಸೇರಿದ್ದಕ್ಕೆ ರೈತರನ್ನು ಸೋಮಾರಿಗಳು ಎಂದು ಬೈಯುವವರು ಈ ಲೆಕ್ಕ ಒಮ್ಮೆ ಮಾಡಲಿ. ಯೂರಿಯಾ ಆ ಬೆಲೆಗೆ ಸಿಗುವುದು ಉಳಿದದ್ದನ್ನು ಸರಕಾರ ಸಬ್ಸಿಡಿಯಾಗಿ ತುಂಬುವುದರಿಂದ. ದರಕಿಗೆ ಸಬ್ಸಿಡಿ ಕೊಟ್ಟವರಿಲ್ಲ. ಎಲೆ ಮಣ್ಣಿಗೆ ಕೊಡುವ ತಂಪು, ಸಡಿಲ, ಎರೆಹುಳದ ಕೆಲಸ ಯಾವುದೂ ಯೂರಿಯಾ ಚೀಲದಲ್ಲಿಲ್ಲ, ನಿಜ. ಆದರೆ ಅವು ಅಂಗಡಿಯ ಬಿಲ್ಲಿನಲ್ಲೂ ಕಾಣುವುದಿಲ್ಲ.

ಉಳಿದದ್ದೆಲ್ಲ ಬೇಗ ಬೇಗ ಆಯಿತು. ಕೊಟ್ಟಿಗೆಯಲ್ಲಿ ದನ ಕಡಿಮೆಯಾದವು, ಹಾಸಲು ಎಲೆ ಬೇಡವಾಯಿತು. ಗ್ಯಾಸ್, ಸೋಲಾರ್ ಬಂತು, ಬಚ್ಚಲ ಒಲೆಗೂ ಬೇಡ. ಅಂಗಳಕ್ಕೆ ಸಿಮೆಂಟು, ಇಂಟರ್‌ಲಾಕ್ ಬಿತ್ತು. ಎಲೆ ಬಿದ್ದರೆ ಮಣ್ಣಾಗಲು ಜಾಗವೇ ಇಲ್ಲ, ಮೇಲಾಗಿ ಚಹಾದ ಕಲೆಯಂಥ ಗುರುತು. 1980ರ ದಶಕದ ಸಾಮಾಜಿಕ ಅರಣ್ಯದಲ್ಲಿ ರಸ್ತೆ ಬದಿ, ಗುಡ್ಡಗಳಿಗೆ ಅಕೇಶಿಯಾ ಬಂತು. ಅದರ ದಪ್ಪ ಎಲೆ ಮತ್ತಿ, ಹೊನ್ನೆಯ ಎಲೆಯ ಹಾಗೆ ಬೇಗ ಕೊಳೆಯುವುದಿಲ್ಲ, ಗೊಬ್ಬರಕ್ಕೆ ಯಾರೂ ಆಸೆಪಡುವುದಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡ ಅಪ್ಪಿಕೋ ಚಳವಳಿ ನಮಗೆಲ್ಲ ಹೆಮ್ಮೆ. ಆಗ ಹೋದವರಿಗೆ ಕಾಡು ಎಂದರೆ ನೀರು, ಸೊಪ್ಪು, ದರಕು, ಜೇನು. ಅವರ ಮೊಮ್ಮಕ್ಕಳಿಗೆ ದರಕು ಎಂದರೆ ಗುಡಿಸಬೇಕಾದ ಕಸ.

ಈಗ ಉಳಿದ ಅಗ್ಗದ ದಾರಿ ಬೆಂಕಿಪೊಟ್ಟಣ. ಅದೂ ಪುಕ್ಕಟೆಯಲ್ಲ. 2016ರ ಘನತ್ಯಾಜ್ಯ ನಿಯಮಗಳು ಪಟ್ಟಣಗಳಲ್ಲಿ ಕಸ ಸುಡುವಂತಿಲ್ಲ, ತೋಟ-ಅಂಗಳದ ಎಲೆಯನ್ನು ಬೇರೆಯಾಗಿ ಇಡಬೇಕು ಎಂದಿದ್ದವು. ಅದೇ ವರ್ಷ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ಬಯಲಲ್ಲಿ ಕಸ ಸುಟ್ಟರೆ 5,000, ದೊಡ್ಡ ಪ್ರಮಾಣದಲ್ಲಾದರೆ 25,000 ರೂಪಾಯಿ ದಂಡ ಎಂದಿತು. ಹಳ್ಳಿಯಲ್ಲಿ ದಂಡ ಕೇಳಲು ಯಾರೂ ಬರುವುದಿಲ್ಲ. ಆದರೆ ಫೆಬ್ರುವರಿ ಮಧ್ಯಾಹ್ನದ ಗಾಳಿಗೆ ಒಂದು ಕಿಡಿ ಬೇಲಿ ದಾಟಿದರೆ ಬೆಟ್ಟ ಹೊತ್ತಿಕೊಳ್ಳುತ್ತದೆ. ಅಲ್ಲಿಂದ ಮೀಸಲು ಅರಣ್ಯ, 1963ರ ಅರಣ್ಯ ಕಾಯ್ದೆಯ ಕೇಸು. ಹೊಗೆ ಕುಡಿಯುವ ದಮ್ಮಿನ ರೋಗಿ ಇರುವುದೂ ಅದೇ ಮನೆಯಲ್ಲಿ.

ಇತ್ತೀಚೆಗೆ ಇನ್ನೊಂದು ವ್ಯಾಪಾರ ಕಾಣುತ್ತಿದೆ. ರಾಸಾಯನಿಕ ಬಿಟ್ಟ ಕೆಲವು ತೋಟದವರು ಪಿಕಪ್ ತಂದು ದರಕು ಒಯ್ಯುತ್ತಾರೆ, ಅಡಿಕೆ ಬುಡಕ್ಕೆ ದಪ್ಪಗೆ ಹೊದಿಸುತ್ತಾರೆ. ಗುಡಿಸಿ ಗುಡ್ಡೆ ಮಾಡಿಟ್ಟರೆ ಸಾಕು, ಒಯ್ಯುವ ಖರ್ಚು ಅವರದು. ಅಂಥವರು ಹತ್ತಿರದಲ್ಲಿದ್ದರೆ ಮೇಲಿನ 4,000ದಲ್ಲಿ ಸಾಗಿಸುವ ಪಾಲಾದರೂ ಉಳಿಯುತ್ತದೆ. ಇಲ್ಲದಿದ್ದರೆ ಮನೆ ಹಿಂದೆ ನಾಲ್ಕು ಅಡಿ ಅಗಲದ ಒಂದು ಗುಂಡಿ, ಒಂದು ಪದರ ಎಲೆ, ಮೇಲೆ ಎರಡು ಬಕೆಟ್ ಸೆಗಣಿ ನೀರು. ದನವಿಲ್ಲದವರು ಪಕ್ಕದ ಮನೆಯಲ್ಲಿ ಕೇಳಿ ತರಬಹುದು, ಸೆಗಣಿಗೆ ನಮ್ಮೂರಿನಲ್ಲಿ ಇನ್ನೂ ಯಾರೂ ದುಡ್ಡು ಕೇಳುವುದಿಲ್ಲ. ಈ ಡಿಸೆಂಬರ್‌ನಲ್ಲಿ ತುಂಬಿದ ಗುಂಡಿ ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಮಲ್ಲಿಗೆ ಗಿಡಕ್ಕೆ, ಬಾಳೆ ಬುಡಕ್ಕೆ ಹಾಕುವ ಹಾಗೆ ಆಗಿರುತ್ತದೆ. ಅಕೇಶಿಯಾ ಎಲೆಯಾದರೆ ಇನ್ನೂ ಕಾಯಬೇಕು.