ಹಿಂದಿನ ಗಾಲಿಯ ಕಥೆ

ಸುಗ್ಗಿಯ ದಿನಗಳಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಗಾಲಿ ಜಾರುವುದೆಂದರೇನು ಎಂದು ಹೇಳಿಕೊಡಬೇಕಿಲ್ಲ. ಹುರುಳಿ, ಸಜ್ಜೆಯನ್ನು ಡಾಂಬರಿನ ಮೇಲೆಯೇ ಹರವಿರುತ್ತಾರೆ. ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡಬೇಕು. ಆ ಹೊಟ್ಟಿನ ಮೇಲೆ ಜೋರಾಗಿ ಬ್ರೇಕ್ ಒತ್ತಿದರೆ ಕಾರಿನ ಹಿಂಭಾಗ ತನ್ನ ಪಾಡಿಗೆ ತಾನು ಪಕ್ಕಕ್ಕೆ ಸರಿಯುತ್ತದೆ, ಎದೆ ಧಸಕ್ಕೆನ್ನುತ್ತದೆ. ಹಾಗೆ ಜಾರುವುದನ್ನೇ ಬೇಕೆಂದು ಬರಮಾಡಿಕೊಂಡು, ತಿರುವಿನುದ್ದಕ್ಕೂ ಹಿಡಿತದಲ್ಲಿಟ್ಟುಕೊಳ್ಳುವ ಆಟಕ್ಕೆ ಡ್ರಿಫ್ಟಿಂಗ್ ಎಂದು ಹೆಸರು. ಮೊಬೈಲಿನಲ್ಲಿ ಹೊಗೆಯೆಬ್ಬಿಸುತ್ತ ಅಡ್ಡಡ್ಡ ಓಡುವ ಕಾರುಗಳನ್ನು ನೋಡಿದ ಹುಡುಗರು ಮೊದಲು ಕೇಳುವುದು ಒಂದನ್ನೇ: ಎಷ್ಟು ದೊಡ್ಡ ಎಂಜಿನ್ ಹಾಕಬೇಕು? ಆದರೆ ಈ ಆಟ ಹುಟ್ಟಿದ್ದು ದೊಡ್ಡ ಎಂಜಿನ್ನಿನಿಂದಲ್ಲ.

ಜಪಾನಿನ ಕುನಿಮಿತ್ಸು ತಕಹಾಶಿ ಮೊದಲು ಮೋಟಾರ್‌ಸೈಕಲ್ ಓಟಗಾರ. 1961ರಲ್ಲಿ ಹೋಂಡಾದ 250 ಸಿಸಿ ಗಾಡಿಯಲ್ಲಿ ಗ್ರಾಂಪ್ರಿ ಗೆದ್ದ ಮೊದಲ ಜಪಾನೀ ಅವನು. ಆಮೇಲೆ ಕಾರುಗಳಿಗೆ ಬಂದ. 1970ರ ದಶಕದ ಟೂರಿಂಗ್ ಕಾರು ಓಟಗಳಲ್ಲಿ ಅವನು ತಿರುವಿಗೆ ವೇಗವಾಗಿ ನುಗ್ಗಿ, ನಾಲ್ಕೂ ಗಾಲಿಗಳನ್ನು ಜಾರಿಸಿ, ಎಂಜಿನ್ನಿನ ಸುತ್ತು ಇಳಿಯಗೊಡದೆ ಹೊರಬರುತ್ತಿದ್ದ. ಇದನ್ನು ನೋಡಿ ಮರುಳಾದ ಕೇಯಿಚಿ ತ್ಸುಚಿಯಾ ಘಟ್ಟದ ರಸ್ತೆಗಳಲ್ಲಿ ಅದನ್ನೇ ಸಾಧನೆ ಮಾಡಿದ. 1987ರಲ್ಲಿ ಬಂದ ಅವನ ಒಂದು ವಿಡಿಯೊ ಇಡೀ ಪೀಳಿಗೆಗೆ ಹುಚ್ಚು ಹಿಡಿಸಿತು. ಅವನ ಕಾರು ಟೊಯೊಟಾದ ಎಇ86. ಎಂಜಿನ್ 1587 ಸಿಸಿ, ಕಂಪನಿಯ ಲೆಕ್ಕದಲ್ಲಿ 130 ಅಶ್ವಶಕ್ತಿ, ಟರ್ಬೊ ಇಲ್ಲ. ಗಾಡಿಯ ತೂಕ ಒಂದು ಟನ್ನಿಗಿಂತ ಕಡಿಮೆ. ಇಂದಿನ ಲೆಕ್ಕದಲ್ಲಿ ಸಾಧಾರಣ ಎಂಜಿನ್ನೇ. ಆದರೆ ಅದು ಮುಂದೆ ಕೂತು ಹಿಂದಿನ ಗಾಲಿಗಳನ್ನು ತಿರುಗಿಸುತ್ತಿತ್ತು. ವಿಷಯವಿರುವುದು ಅಲ್ಲಿ.

ಹಿಂದಿನ ಗಾಲಿಗೆ ಎಂಜಿನ್ನಿನ ಬಲ ಹೋಗುವ ಕಾರಿನಲ್ಲಿ ಮುಂದಿನ ಗಾಲಿಗಳಿಗೆ ದಿಕ್ಕು ತೋರಿಸುವ ಕೆಲಸವೊಂದೇ. ಹಿಂಭಾಗ ಜಾರತೊಡಗಿದಾಗ ಸ್ಟೀರಿಂಗನ್ನು ಜಾರುವ ಕಡೆಗೇ ತಿರುಗಿಸಿ, ಆಕ್ಸಿಲರೇಟರಿನಿಂದ ಜಾರಿಕೆಯನ್ನು ಹೆಚ್ಚಿಸಬಹುದು, ತಗ್ಗಿಸಬಹುದು. ಮುಂಗಾಲಿಗೆ ಬಲ ಹೋಗುವ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ಒಂದು ಗಳಿಗೆ ಜಾರಿಸಬಹುದು. ಆಕ್ಸಿಲರೇಟರ್ ಒತ್ತಿದರೆ ಮುಂದಿನ ಗಾಲಿಗಳು ಎಳೆದು ಅದನ್ನು ನೆಟ್ಟಗೆ ಮಾಡಿಬಿಡುತ್ತವೆ. ಆಟ ಮುಗಿಯಿತು.

ಎಇ86 ಮಾರುಕಟ್ಟೆಗೆ ಬಂದ ವರ್ಷ 1983. ಅದೇ ವರ್ಷ ಕೊರೊಲಾದ ಸೆಡಾನ್‌ಗಳು ಮುಂಗಾಲಿಗೆ ತಿರುಗಿದವು; ಈ ಚಿಕ್ಕ ಕೂಪೆಗೆ ಮಾತ್ರ ಹಳೆಯ ವ್ಯವಸ್ಥೆ ಉಳಿಯಿತು. ಹಳತೆಂದು ಕೈಬಿಡುತ್ತಿದ್ದುದರಲ್ಲೇ ಜಪಾನಿನ ಹುಡುಗರು ಸುಖ ಕಂಡರು. ನಮ್ಮಲ್ಲೂ ಅದೇ 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. 796 ಸಿಸಿ, ಮೂರು ಸಿಲಿಂಡರ್, ಬಲವೆಲ್ಲ ಮುಂಗಾಲಿಗೆ. ಅಂದಿನಿಂದ ನಮ್ಮ ಮನೆಗಳಿಗೆ ಬಂದ ಸಣ್ಣ ಕಾರುಗಳು ಬಹುಪಾಲು ಅದೇ ದಾರಿಯವು. ಜಾಗ ಉಳಿಯಿತು, ಪೆಟ್ರೋಲ್ ಉಳಿಯಿತು, ಯಾರೂ ದೂರಲಿಲ್ಲ. ದೂರುವ ಕಾರಣವೂ ಇರಲಿಲ್ಲ.

ಅದಕ್ಕೂ ಹಿಂದಿನ ನಮ್ಮ ಕಾರುಗಳೆಲ್ಲ ಹಿಂಗಾಲಿಯವೇ. 1089 ಸಿಸಿಯ ಪ್ರೀಮಿಯರ್ ಪದ್ಮಿನಿ. ಬಹುಕಾಲ 1489 ಸಿಸಿಯ ಬ್ರಿಟಿಷ್ ಎಂಜಿನ್ ಹೊತ್ತಿದ್ದ, 2014ರವರೆಗೆ ಬದುಕಿದ ಅಂಬಾಸಿಡರ್. ಎಂಜಿನ್ ಆಯ್ಕೆಯ ಪಾಠ ಬೇಕಾದವರು ನೋಡಬೇಕಾದದ್ದು ಮಾತ್ರ ಕಾಂಟೆಸ್ಸಾವನ್ನು. 1984ರಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಇಂಗ್ಲೆಂಡಿನ ವಾಕ್ಸಾಲ್ ಕಾರಿನ ಉದ್ದನೆಯ, ಅಂದದ ಮೈಯನ್ನು ತಂದು, ಅದರೊಳಗೆ ಅಂಬಾಸಿಡರಿನ ಅದೇ 1489 ಸಿಸಿ ಎಂಜಿನ್ ಕೂರಿಸಿತು. ಸುಮಾರು 50 ಅಶ್ವಶಕ್ತಿ. ಪೈಲ್ವಾನನ ಮೈಗೆ ಕೂಸಿನ ಉಸಿರು. ಕೆಲವು ವರ್ಷಗಳ ಬಳಿಕ ಇಸುಜುವಿನ 1817 ಸಿಸಿ ಎಂಜಿನ್, ಐದು ಗೇರಿನ ಪೆಟ್ಟಿಗೆ ಬಂದವು. ಶಕ್ತಿ ಸುಮಾರು 88ಕ್ಕೆ ಏರಿತು. ಮೈ ಅದೇ, ಕಾರು ಬೇರೆ. ಮದರಾಸಿನ ಸ್ಟ್ಯಾಂಡರ್ಡ್ ಕಂಪನಿಗೆ ಈ ಅದೃಷ್ಟವಿರಲಿಲ್ಲ: 1985ರಲ್ಲಿ ರೋವರ್ ಕಾರಿನ ಮೈಗೆ ಹಳೇ ಕಾಲದ 2 ಲೀಟರ್ ಎಂಜಿನ್ ತುರುಕಿ ತಂದ ಸ್ಟ್ಯಾಂಡರ್ಡ್ 2000 ಕೆಲವೇ ವರ್ಷಗಳಲ್ಲಿ ನಿಂತುಹೋಯಿತು.

ಎಂಜಿನ್ ಬಡವಾದರೆ ಗಾಲಿ ಜಾರುವುದಿಲ್ಲ, ನಿಜ. ಆದರೆ ಕಲಿಯುವವನಿಗೆ ಅತಿಯಾದರೂ ಕಷ್ಟ. ಹಳೆಯ ಟರ್ಬೊ ಎಂಜಿನ್ ಸ್ವಲ್ಪ ಹೊತ್ತು ಸುಮ್ಮನಿದ್ದು ಒಮ್ಮೆಲೇ ಒದೆಯುತ್ತದೆ. ಕಾಲಿನ ಒತ್ತಡಕ್ಕೂ ಗಾಲಿಯ ತಿರುಗಾಟಕ್ಕೂ ನಂಟು ಸಿಗುವುದರೊಳಗೆ ಕಾರು ಬುಗುರಿಯಾಗಿರುತ್ತದೆ. ಒತ್ತಿದಷ್ಟೇ ಕೊಡುವ, ಟರ್ಬೊ ಇಲ್ಲದ ಎಂಜಿನ್ ಕಲಿಯುವವನಿಗೆ ವಾಸಿ. ಜಪಾನೀಯರು ಕಲಿತ ಹಳೆಯ ಕಾರುಗಳು ಇಲ್ಲಿಗೆ ಬರಲಾರವು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಸಾಮಾನ್ಯವಾಗಿ ಆಮದು ಮಾಡಿಕೊಳ್ಳುವಂತಿಲ್ಲ. ಈಗ ಸುತ್ತಲೂ ಕಾಣುವ ಹಿಂಗಾಲಿಯ ಗಾಡಿಗಳೆಂದರೆ ಬೊಲೆರೊ, ಸ್ಕಾರ್ಪಿಯೊ, ಇನೋವಾ. ಇವು ಎತ್ತರದವು. ಜಾರುತ್ತಿರುವಾಗ ಗಾಲಿ ಕಲ್ಲಿಗೋ ಮಣ್ಣಿನ ಅಂಚಿಗೋ ತಗುಲಿದರೆ ಮಗುಚುತ್ತವೆ. ಓಮ್ನಿಯಲ್ಲಿ ಚಾಲಕನ ಕಾಲಿನ ಮುಂದೆ ತಗಡು ಬಿಟ್ಟರೆ ಬೇರೇನಿಲ್ಲ. ಉಳಿಯುವುದು ಇಸುಜು ಎಂಜಿನ್ನಿನ ಕಾಂಟೆಸ್ಸಾ, ಅದೂ ತುಕ್ಕು ಹಿಡಿಯದ್ದು ಸಿಕ್ಕರೆ.

ಇನ್ನು ಗಾಡಿಯನ್ನು ಸಜ್ಜು ಮಾಡುವ ಮಾತು. ಇಲ್ಲಿ ಗಂಗಾವತಿಯ ಟ್ರ್ಯಾಕ್ಟರ್ ಚಾಲಕನಿಗೆ ನಮಗಿಂತ ಹೆಚ್ಚು ಗೊತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಅಲ್ಲಿಯ ನೆಲ ಭತ್ತದ ಗದ್ದೆಯಾಯಿತು. ಆ ಕೆಸರಿನಲ್ಲಿ ಒಂದು ಗಾಲಿ ಸುಮ್ಮನೆ ಸುತ್ತತೊಡಗಿದರೆ ಡಿಫರೆನ್ಷಿಯಲ್ ಬಲವನ್ನೆಲ್ಲ ಅದಕ್ಕೇ ಸುರಿಯುತ್ತದೆ, ಇನ್ನೊಂದು ಗಾಲಿ ನಿಂತೇ ಇರುತ್ತದೆ. ಆಗ ಚಾಲಕ ಡಿಫರೆನ್ಷಿಯಲ್ ಲಾಕ್‌ನ ಪೆಡಲ್ ತುಳಿಯುತ್ತಾನೆ. ಎರಡೂ ಗಾಲಿಗಳು ಜೊತೆಯಾಗಿ ತಿರುಗುತ್ತವೆ. ಡ್ರಿಫ್ಟ್ ಕಾರಿಗೆ ಬೇಕಾದದ್ದೂ ಇದೇ. ಕೈಯಲ್ಲಿ ಕಾಸಿಲ್ಲದ ಹೊಸಬರು ಡಿಫರೆನ್ಷಿಯಲ್‌ನ ಒಳಗಿನ ಹಲ್ಲುಗಾಲಿಗಳನ್ನು ವೆಲ್ಡಿಂಗ್ ಮಾಡಿಸಿಬಿಡುತ್ತಾರೆ. ಟ್ರ್ಯಾಕ್ಟರಿನ ಲಾಕ್ ಬಿಡಿಸಬಹುದು, ಈ ಲಾಕ್ ಬಿಡುವುದಿಲ್ಲ. ಲಾಕ್ ಹಾಕಿಕೊಂಡು ತಿರುಗಿಸಬಾರದೆಂದು ಟ್ರ್ಯಾಕ್ಟರಿನವನಿಗೆ ಗೊತ್ತಿರುವ ಪಾಠವನ್ನು ಇವರು ಟೈರ್ ಸವೆಸಿ ಕಲಿಯುತ್ತಾರೆ. ಹೊಲದ ತುದಿಯಲ್ಲಿ ಒಂದೇ ಕಡೆಯ ಬ್ರೇಕ್ ಒತ್ತಿ ಟ್ರ್ಯಾಕ್ಟರನ್ನು ಗಿರಕ್ಕನೆ ತಿರುಗಿಸುವುದೂ, ಹ್ಯಾಂಡ್ ಬ್ರೇಕ್ ಎಳೆದು ಕಾರಿನ ಬಾಲ ಬೀಸುವುದೂ ದೂರದ ನೆಂಟರು.

ಉಳಿದದ್ದು ಹೆಚ್ಚಿಲ್ಲ. ಮುಂದೆ ಒಳ್ಳೆಯ ಟೈರ್, ಹಿಂದೆ ಸವೆದರೂ ಬೇಸರವಾಗದ ಟೈರ್. ಸ್ಟೀರಿಂಗ್ ಇನ್ನಷ್ಟು ತಿರುಗುವ ಹಾಗೆ, ತಾನಾಗಿ ಹಿಂದಿರುಗುವ ಹಾಗೆ ಮುಂಗಾಲಿಯ ಕೋನಗಳ ತಿದ್ದುಪಡಿ. ಮೈಯನ್ನು ಬಿಗಿಹಿಡಿಯುವ ಸೀಟು, ಬೆಲ್ಟು, ಹೆಲ್ಮೆಟ್. ದೊಡ್ಡ ರೇಡಿಯೇಟರ್ ಬೇಕೇ ಬೇಕು: ಅಡ್ಡಕ್ಕೆ ಓಡುವ ಕಾರಿನ ಮುಂಬಾಗಿಲಿಗೆ ಗಾಳಿ ಸಾಲದು, ನಮ್ಮ ಏಪ್ರಿಲ್ ಬಿಸಿಲಂತೂ ಗೊತ್ತೇ ಇದೆ.

ಎಲ್ಲಿ ಓಡಿಸುವುದು ಎಂಬುದೇ ಕಗ್ಗಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಾಯಿತ ಗಾಡಿಯನ್ನು ಮನಬಂದಂತೆ ಬದಲಿಸಗೊಡುವುದಿಲ್ಲ. 189ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಪಂದ್ಯ, ವೇಗಪರೀಕ್ಷೆಯನ್ನು ತಡೆಯುತ್ತದೆ. ಕಾನೂನು ಹಾಗಿರಲಿ, ಕುಷ್ಟಗಿಯ ಹೆದ್ದಾರಿಯಲ್ಲಿ ರಾತ್ರಿ ಲಾರಿಗಳ ಸಾಲು, ಅಂಚಿನಲ್ಲಿ ದೀಪವಿಲ್ಲದ ಚಕ್ಕಡಿ, ಹಸಿ ಮೆಕ್ಕೆಜೋಳದ ರಾಶಿ ಕಾಯುತ್ತ ಮಲಗಿದ ಮನುಷ್ಯ. ಅಲ್ಲಿ ಹಿಂದಿನ ಗಾಲಿ ಜಾರಿಸುವವನು ಆಟಗಾರನಲ್ಲ. ಭಾರತದ ಕಾರು ಓಟ ಬೆಳೆದದ್ದು ಮದರಾಸಿನ ಹತ್ತಿರದ ಶೋಲಾವರಂನಲ್ಲಿ, ಮಹಾಯುದ್ಧ ಬಿಟ್ಟುಹೋದ ವಿಮಾನಪಟ್ಟಿಯ ಮೇಲೆ. ಆಮೇಲೆ ಇರುಂಗಾಟ್ಟುಕೋಟೈ, ಕೊಯಮತ್ತೂರುಗಳಲ್ಲಿ ಟ್ರ್ಯಾಕ್‌ಗಳಾದವು. ಕೊಪ್ಪಳದ ಪಕ್ಕ ಗಿಣಗೇರಿಯಲ್ಲೂ ಒಂದು ವಿಮಾನಪಟ್ಟಿ ಇದೆ. ಖಾಸಗಿಯವರದ್ದು. ಕೊಪ್ಪಳದ ಹುಡುಗ ಕಾಂಟೆಸ್ಸಾವನ್ನು ಲಾರಿಯ ಮೇಲೆ ಹೇರಿಕೊಂಡು ತಮಿಳುನಾಡಿನ ದಾರಿ ಹಿಡಿಯಬೇಕು.