ತುರ್ತು ಕರೆಯ ಬಿಲ್ಲು ಯಾರ ಹೆಸರಿಗೆ?

ಹುಬ್ಬಳ್ಳಿಯಿಂದ ಹಾವೇರಿಯತ್ತ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೊರಟರೆ ಶಿಗ್ಗಾವಿಗಿಂತ ಮೊದಲು ತಡಸ ಕ್ರಾಸ್ ಸಿಗುತ್ತದೆ. ಮುಂಡಗೋಡದ ರಸ್ತೆ ಕವಲೊಡೆಯುವುದು ಇಲ್ಲಿಯೇ. ಇಂಥ ಕೂಡುರಸ್ತೆಯಲ್ಲಿ ಅಪಘಾತವೊಂದು ನಡೆಯಿತೆನ್ನಿ. ಕಂಡವರು ಮೊಬೈಲಿನಲ್ಲಿ 108 ಒತ್ತಬಹುದು, 112 ಒತ್ತಬಹುದು, ಹೆದ್ದಾರಿ ಪ್ರಾಧಿಕಾರದ 1033 ಒತ್ತಬಹುದು. ಮೂರರಲ್ಲಿ ಯಾವುದಕ್ಕೂ ಕರೆ ಮಾಡಿದವರಿಂದ ಹಣ ಕೇಳುವುದಿಲ್ಲ. ಹಾಗೆಂದು ಈ ಸೇವೆ ಪುಕ್ಕಟೆಯಾಗಿ ನಡೆಯುತ್ತಿಲ್ಲ. ಯಾರೋ ಎಲ್ಲಿಯೋ ಅದರ ಬಿಲ್ಲು ಕಟ್ಟುತ್ತಿದ್ದಾರೆ. ಕರೆ ಮಾಡಿದವರ ಹೆಸರಿನಲ್ಲಿದ್ದ ಬಿಲ್ಲು ಬೇರೆಯವರ ಹೆಸರಿಗೆ ವರ್ಗವಾದ ಕಥೆ ತಂತ್ರಜ್ಞಾನದ ಇತಿಹಾಸದಲ್ಲಿ ಒಂದು ಸ್ವಾರಸ್ಯಕರ ಅಧ್ಯಾಯ.

ಮೊದಮೊದಲು ಅವಸರಕ್ಕೇ ದರ ಹೆಚ್ಚು. ಭಾರತದಲ್ಲಿ 1855ರ ಫೆಬ್ರವರಿಯಲ್ಲಿ ತಂತಿ ಸೇವೆ ಸಾರ್ವಜನಿಕರಿಗೆ ತೆರೆದಾಗ 16 ಪದಗಳಿಗೆ, 400 ಮೈಲಿಗೆ, ಒಂದು ರೂಪಾಯಿ. ಮುಂದೆ ಬಂದ ಎಕ್ಸ್‌ಪ್ರೆಸ್ ತಂತಿಗೆ ಇಮ್ಮಡಿ ದರ. ದೂರವಾಣಿಯ ಟ್ರಂಕ್ ಕರೆಗಳಲ್ಲಿಯೂ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೆಟ್ಟಿಲುಗಳಿದ್ದವು. ಲೈಟ್ನಿಂಗ್ ಕರೆಗೆ ಆರ್ಡಿನರಿಯ ಹಲವು ಪಟ್ಟು ಹಣ. ಇದರಲ್ಲಿ ಒಂದು ತರ್ಕವಿತ್ತು. ತಂತಿಗಳು ಕೆಲವೇ, ಕಾಯುವವರು ಹಲವರು. ಹೆಚ್ಚು ಕೊಟ್ಟವರು ಸರದಿಯ ಮುಂದಕ್ಕೆ. ಆದರೆ ಈ ತರ್ಕಕ್ಕೆ ವ್ಯಾಪಾರಿಯ ಅವಸರವೂ ಹಾವು ಕಚ್ಚಿದವನ ಮನೆಯವರ ಅವಸರವೂ ಒಂದೇ.

ಈ ತರ್ಕವನ್ನು ಮುರಿದ ಘಟನೆ ನಡೆದದ್ದು ಲಂಡನ್ನಿನಲ್ಲಿ. 1935ರ ನವೆಂಬರ್ 10ರಂದು ವಿಂಪೋಲ್ ಬೀದಿಯ ಮನೆಯೊಂದಕ್ಕೆ ಬೆಂಕಿ ಬಿದ್ದು ಐವರು ಮಹಿಳೆಯರು ಸತ್ತರು. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಲು ಯತ್ನಿಸಿದ ನೆರೆಯವರೊಬ್ಬರ ಕರೆ ಎಕ್ಸ್‌ಚೇಂಜಿನ ಸರದಿಯಲ್ಲಿ ಸಿಕ್ಕಿಹಾಕಿಕೊಂಡಿತ್ತು. ಅವರು ಪತ್ರಿಕೆಗೆ ಬರೆದರು, ವಿಚಾರಣೆ ನಡೆಯಿತು, 1937ರ ಜೂನ್ 30ರಂದು 999 ಸಂಖ್ಯೆ ಜಾರಿಗೆ ಬಂದಿತು. ಜಗತ್ತಿನ ಮೊದಲ ತುರ್ತು ಸಂಖ್ಯೆ ಇದು.

999 ಏಕೆ? ಇಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಕೆಲಸವಿದೆ. ಹಳೆಯ ತಿರುಗುವ ಡಯಲಿನಲ್ಲಿ ಒಂದು ಅಂಕಿಯನ್ನು ತಿರುಗಿಸಿ ಬಿಟ್ಟಾಗ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಹರಿಯುವ ವಿದ್ಯುತ್ತು ಆ ಅಂಕಿಯಷ್ಟು ಬಾರಿ ಕಡಿದು ಕೂಡುತ್ತದೆ. 1ಕ್ಕೆ ಒಂದು ಸ್ಪಂದ, 9ಕ್ಕೆ ಒಂಬತ್ತು, 0ಗೆ ಹತ್ತು. ಸೆಕೆಂಡಿಗೆ ಸುಮಾರು ಹತ್ತು ಸ್ಪಂದಗಳು. ಗಾಳಿಗೆ ಕಂಬದ ತಂತಿಗಳು ಒಂದಕ್ಕೊಂದು ತಾಗಿದರೂ ಇಂಥ ಒಂಟಿ ಸ್ಪಂದ ಹುಟ್ಟಬಹುದು. ಆದ್ದರಿಂದ 111 ಇಟ್ಟಿದ್ದರೆ ಬಿರುಗಾಳಿಯೇ ಅಗ್ನಿಶಾಮಕ ದಳವನ್ನು ಕರೆಯುತ್ತಿತ್ತು! ಇನ್ನೊಂದು ಕಾರಣ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ನಾಣ್ಯ ಹಾಕುವ ಸಾರ್ವಜನಿಕ ಫೋನಿನಲ್ಲಿ 0 ತಿರುಗಿಸಿದರೆ ಮಾತ್ರ ನಾಣ್ಯವಿಲ್ಲದೆ ಆಪರೇಟರ್ ಸಿಗುತ್ತಿದ್ದರು. ಅದರ ಪಕ್ಕದ 9ಕ್ಕೂ ಈ ರಿಯಾಯಿತಿ ವಿಸ್ತರಿಸಲು ಡಯಲಿನಲ್ಲಿ ಸಣ್ಣ ಮಾರ್ಪಾಡು ಸಾಕಾಯಿತು. ತುರ್ತು ಕರೆ ಪುಕ್ಕಟೆಯಾಗಿರಬೇಕು ಎಂಬ ನೀತಿ ಹೀಗೆ ಒಂದು ಲೋಹದ ತುಣುಕಿನಲ್ಲಿ ಮೂರ್ತಗೊಂಡಿತು. (ಅಂದ ಹಾಗೆ, ನ್ಯೂಜಿಲೆಂಡಿನ ತುರ್ತು ಸಂಖ್ಯೆ 111. ಅಲ್ಲಿನ ಡಯಲಿನಲ್ಲಿ ಅಂಕಿಗಳು ತಿರುವು ಮುರುವು. 1 ತಿರುಗಿಸಿದರೆ ಒಂಬತ್ತು ಸ್ಪಂದಗಳು!)

ನಮ್ಮ 100 ಮತ್ತು 101ರ ಕರೆಗಳೂ ಇದೇ ಬಗೆಯವು. ಸಾಮಾನ್ಯ ಕರೆಯಲ್ಲಿ ಆ ಕಡೆಯವರು ಫೋನ್ ಎತ್ತಿದೊಡನೆ ಎಕ್ಸ್‌ಚೇಂಜಿನಲ್ಲಿ ಮೀಟರ್ ಓಡಲು ಸಂಕೇತ ಹೋಗುತ್ತದೆ. ಅಂಗಡಿಗಳ ಮುಂದಿದ್ದ ಒಂದು ರೂಪಾಯಿ ಡಬ್ಬಿಗಳಿಗೆ ಆ ಸಂಕೇತ ಸಿಗುತ್ತಿದ್ದುದು ತಂತಿಯ ಧನ-ಋಣ ಧ್ರುವಗಳು ಅದಲುಬದಲಾಗುವ ಮೂಲಕ. ತುರ್ತು ಸಂಖ್ಯೆಗಳಿಗೆ ಈ ಸಂಕೇತವನ್ನೇ ಕಳಿಸದಿದ್ದರಾಯಿತು, ಮೀಟರ್ ಓಡುವುದಿಲ್ಲ. ಆದರೆ ಹಳ್ಳಿಯಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜೇ ಇಲ್ಲದಿದ್ದರೆ ಈ ಪುಕ್ಕಟೆಗೆ ಅರ್ಥವಿಲ್ಲ. ಸಿ-ಡಾಟ್ ಸಂಸ್ಥೆ ರೂಪಿಸಿದ, 128 ಸಾಲುಗಳ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಇದೇ ಹೆದ್ದಾರಿಯ ಬದಿಯ ಕಿತ್ತೂರಿನಲ್ಲಿ ಕೆಲಸ ಆರಂಭಿಸಿದ್ದು 1986ರಲ್ಲಿ. 999 ಬಂದು ಆಗಲೇ ಸುಮಾರು ಅರ್ಧ ಶತಮಾನ ಕಳೆದಿತ್ತು.

ಇಲ್ಲಿಯವರೆಗೆ ಹೇಳಿದ್ದು ಕರೆಯ ಖರ್ಚು. ಅದು ಚಿಲ್ಲರೆ. ಕರೆಗೆ ಓಗೊಟ್ಟು ವಾಹನ ಬರುತ್ತದಲ್ಲ, ದೊಡ್ಡ ಖರ್ಚು ಅದರದು. ಅದನ್ನು ಬಳಸಿದವರಿಂದಲೇ ವಸೂಲು ಮಾಡಿದರೇನು?

ಮಾಡಿ ನೋಡಿದ್ದಾರೆ. 1666ರ ಮಹಾ ಬೆಂಕಿಯ ನಂತರ ಲಂಡನ್ನಿನಲ್ಲಿ ಬೆಂಕಿ ಆರಿಸುವ ತಂಡಗಳನ್ನು ಸಾಕಿದ್ದು ವಿಮಾ ಕಂಪನಿಗಳು. ಅದನ್ನು ಸಾರ್ವಜನಿಕ ಸೇವೆಯಾಗಿಸುವ ಕಾನೂನು ಬಂದದ್ದು 1865ರಲ್ಲಿ. ಇತ್ತೀಚಿನ ಉದಾಹರಣೆಗಳು ಅಮೆರಿಕದವು. ಟೆನೆಸಿ ರಾಜ್ಯದ ಸೌತ್ ಫುಲ್ಟನ್ ಪಟ್ಟಣದ ಅಗ್ನಿಶಾಮಕ ದಳ ಪಟ್ಟಣದ ಹೊರಗಿನ ಮನೆಗಳಿಂದ ವರ್ಷಕ್ಕೆ 75 ಡಾಲರ್ ಪಡೆಯುತ್ತಿತ್ತು. 2010ರ ಸೆಪ್ಟೆಂಬರಿನಲ್ಲಿ ಹಣ ಕಟ್ಟದ ಮನೆಯೊಂದಕ್ಕೆ ಬೆಂಕಿ ಬಿದ್ದಿತು. ದಳ ಬಂದದ್ದು ಹಣ ಕಟ್ಟಿದ್ದ ನೆರೆಯವರ ಆಸ್ತಿಯನ್ನು ಕಾಯಲು. ಮೊದಲ ಮನೆ ಉರಿದು ಹೋಯಿತು. ಅಲ್ಲೇ ಹಣ ಕೊಡುತ್ತೇನೆಂದರೂ ಒಪ್ಪಲಿಲ್ಲ. ಅದೇ ವರ್ಷ ಕ್ಯಾಲಿಫೋರ್ನಿಯಾದ ಟ್ರೇಸಿ ನಗರ ಇನ್ನೊಂದು ಲೆಕ್ಕ ಮುಂದಿಟ್ಟಿತು: ನಿವಾಸಿಗಳು ವರ್ಷಕ್ಕೆ 48 ಡಾಲರ್ ಕಟ್ಟಬೇಕು, ಇಲ್ಲವೇ ವೈದ್ಯಕೀಯ ತುರ್ತು ಕರೆಯೊಂದಕ್ಕೆ 300 ಡಾಲರ್ ತೆರಬೇಕು, ಹೊರಗಿನವರಿಗೆ 400. ಎದೆ ನೋಯುತ್ತಿರುವಾಗ ಇದು ನಿಜವಾಗಿಯೂ ತುರ್ತೋ, ಸ್ವಲ್ಪ ಕಾದು ನೋಡೋಣವೋ ಎಂದು ಲೆಕ್ಕ ಹಾಕುವ ಸ್ಥಿತಿಯನ್ನು ಇಂಥ ನಿಯಮ ತರುತ್ತದೆ.

ಅಮಾನವೀಯ ಎಂದು ತಳ್ಳಿಹಾಕುವುದು ಸುಲಭ. ನನ್ನ ಆಕ್ಷೇಪ ಅಷ್ಟೇ ಅಲ್ಲ. ಈ ಶುಲ್ಕ ಲೆಕ್ಕದಲ್ಲಿಯೂ ತಪ್ಪು. ಕೋಪನ್‌ಹೇಗನ್ ದೂರವಾಣಿ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಎ.ಕೆ. ಎರ್ಲಾಂಗ್ 1917ರಲ್ಲಿ ಕೊಟ್ಟ ಸೂತ್ರ ಇದನ್ನು ತೋರಿಸುತ್ತದೆ. ಕರೆ ಕೇಂದ್ರವೊಂದಕ್ಕೆ ಗಂಟೆಗೆ ಸರಾಸರಿ 40 ಕರೆ, ಒಂದೊಂದೂ 3 ನಿಮಿಷ ಎನ್ನೋಣ. ಒಟ್ಟು 120 ನಿಮಿಷಗಳ ಮಾತು, ಅಂದರೆ ಇಬ್ಬರು ಆಪರೇಟರುಗಳ ಕೆಲಸ. ಹಾಗಾದರೆ ಇಬ್ಬರು ಸಾಕೇ? ಕರೆಗಳು ಸರದಿ ಹಿಡಿದು ಬರುವುದಿಲ್ಲ, ಯಾದೃಚ್ಛಿಕವಾಗಿ ಬರುತ್ತವೆ. ಸೂತ್ರದ ಪ್ರಕಾರ ಇಬ್ಬರೇ ಇದ್ದರೆ ನೂರಕ್ಕೆ 40 ಕರೆಗಳಿಗೆ ಸಾಲು ಖಾಲಿ ಇರುವುದಿಲ್ಲ. ನಾಲ್ವರಿದ್ದರೆ ಸುಮಾರು ಶೇ. 9.5, ಆರು ಮಂದಿಯಾದರೆ ಶೇ. 1.2, ಏಳು ಮಂದಿಯಾದರೆ ಶೇ. 0.34. ಸಾವಿರದಲ್ಲಿ ಮೂರು ಕರೆ ತಪ್ಪಿದರೂ ಸಹಿಸೋಣ ಎಂದರೂ ಏಳು ಜನ ಬೇಕು, ಅವರಲ್ಲಿ ಸರಾಸರಿ ಐವರು ಯಾವುದೇ ಕ್ಷಣದಲ್ಲಿ ಸುಮ್ಮನೆ ಕುಳಿತಿರುತ್ತಾರೆ! ಆಂಬುಲೆನ್ಸಿಗೂ ಇದೇ ನ್ಯಾಯ. ತರಗತಿಯಲ್ಲಿ ವಿದ್ಯಾರ್ಥಿಗಳಿಂದ ಈ ಲೆಕ್ಕ ಮಾಡಿಸಿ ನೋಡಬಹುದು; ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ನಾವು ಹಣ ಕೊಡುವುದು ಕರೆಗಲ್ಲ, ಕಾಯುವಿಕೆಗೆ ಎಂದಾಯಿತು. ಒಂದು ಕರೆ ಕಡಿಮೆಯಾದರೆ ಉಳಿಯುವುದು ಸ್ವಲ್ಪ ಡೀಸೆಲ್. ಚಾಲಕರ ಸಂಬಳ, ವಾಹನದ ಬೆಲೆ, ಕೇಂದ್ರದ ಯಂತ್ರಗಳ ಖರ್ಚು ಹಾಗೆಯೇ ಇರುತ್ತದೆ. ಕರೆಗೆ ಶುಲ್ಕ ಹಾಕಿದರೆ ಜನ ಹಿಂಜರಿಯುತ್ತಾರೆ, ಖರ್ಚು ಮಾತ್ರ ಇಳಿಯುವುದಿಲ್ಲ. ಅಲ್ಲದೆ ರಸ್ತೆಯಲ್ಲಿ ಕರೆ ಮಾಡುವವರು ಹೆಚ್ಚಾಗಿ ದಾರಿಹೋಕರು, ಗಾಯಾಳು ಬೇರೆಯವರು.

ಕಾಯುವಿಕೆಯ ಖರ್ಚನ್ನು ಎಲ್ಲರ ಮೇಲೆ ಹರಡುವುದೇ ದಾರಿ. ಅಮೆರಿಕದ 911 ಸೇವೆ (ಮೊದಲ ಕರೆ ಅಲಬಾಮಾದ ಹೇಲಿವಿಲ್ ಊರಿನಲ್ಲಿ, 1968ರ ಫೆಬ್ರವರಿ 16) ಇದಕ್ಕಾಗಿ ಫೋನ್ ಬಿಲ್ಲಿನಲ್ಲಿಯೇ ಪ್ರತಿ ತಿಂಗಳು ಒಂದು ಸಣ್ಣ ಶುಲ್ಕ ಸೇರಿಸುತ್ತದೆ. ಚೊಕ್ಕ ಉಪಾಯ. ಆದರೆ ಹಾಗೆ ಕೂಡಿದ ಹಣವನ್ನು ಕೆಲವು ರಾಜ್ಯಗಳು ಬೇರೆ ಬಾಬ್ತುಗಳಿಗೆ ತಿರುಗಿಸಿದವು. ಅಲ್ಲಿನ ಸಂಪರ್ಕ ಆಯೋಗ 2009ರಿಂದ ಈ ಬಗ್ಗೆ ಸಂಸತ್ತಿಗೆ ವಾರ್ಷಿಕ ವರದಿ ಸಲ್ಲಿಸುತ್ತ ಬಂದಿದೆ. ನ್ಯೂಯಾರ್ಕ್, ನ್ಯೂಜೆರ್ಸಿಗಳ ಹೆಸರು ಅದರಲ್ಲಿ ಮತ್ತೆ ಮತ್ತೆ ಬಂದಿದೆ.

ನಮ್ಮಲ್ಲಿ ಹಲವು ದಾರಿಗಳನ್ನು ಪರೀಕ್ಷಿಸಲಾಗಿದೆ. ಮುಂಬಯಿಯಲ್ಲಿ 2005ರಲ್ಲಿ ಆರಂಭವಾದ 1298 ಆಂಬುಲೆನ್ಸ್ ಸೇವೆ ಖಾಸಗಿ ಆಸ್ಪತ್ರೆಗೆ ಹೋಗುವವರಿಂದ ಪೂರ್ಣ ಶುಲ್ಕ, ಸರ್ಕಾರಿ ಆಸ್ಪತ್ರೆಗೆ ಹೋಗುವವರಿಂದ ಕಡಿಮೆ ಶುಲ್ಕ ಪಡೆಯಿತು. ಆದಾಯ ಪತ್ರ ಕೇಳದೆ, ರೋಗಿ ಆರಿಸಿದ ಆಸ್ಪತ್ರೆಯನ್ನೇ ಅಳತೆಗೋಲಾಗಿಸಿದ ಜಾಣ್ಮೆ ಇದು. ಅದೇ ವರ್ಷ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ 108 ಸೇವೆ ರೋಗಿಯಿಂದ ಏನನ್ನೂ ಕೇಳಲಿಲ್ಲ. ಕರ್ನಾಟಕಕ್ಕೆ ಅದು 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂದಿತು. ಖರ್ಚಿನ ಬಹುಪಾಲು ಸರ್ಕಾರದ್ದಾಗಿತ್ತು, ನಡೆಸುವ ಹೊಣೆ ಸಂಸ್ಥೆಯದಾಗಿತ್ತು. ಎರಡೇ ತಿಂಗಳಲ್ಲಿ, 2009ರ ಜನವರಿಯಲ್ಲಿ, ಆ ಸಂಸ್ಥೆಯ ಸ್ಥಾಪಕ ರಾಮಲಿಂಗರಾಜು ಅವರ ಸತ್ಯಂ ಕಂಪನಿಯ ಲೆಕ್ಕದ ವಂಚನೆ ಬಯಲಾಯಿತು. 108ರ ಹೊಣೆ ಜಿವಿಕೆ ಸಮೂಹಕ್ಕೆ ಹೋಯಿತು. ಬಿಲ್ಲು ಬೊಕ್ಕಸದ ಹೆಸರಿನಲ್ಲಿದ್ದುದರಿಂದ ವಾಹನಗಳು ನಿಲ್ಲಲಿಲ್ಲ ಎನ್ನಬಹುದು. ಆದರೆ ಬಿಲ್ಲು ಕಣ್ಣಿಗೆ ಬೀಳದಿದ್ದರೆ ಸವಕಳಿಯೂ ಬೀಳುವುದಿಲ್ಲ. 2022ರ ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿನ ಕರೆ ಕೇಂದ್ರದ ಹಳತಾದ ಯಂತ್ರವ್ಯವಸ್ಥೆ ಕೆಟ್ಟು ರಾಜ್ಯದಾದ್ಯಂತ 108 ಸೇವೆ ಅಸ್ತವ್ಯಸ್ತವಾಯಿತು. ಪುಕ್ಕಟೆ ಸೇವೆಯ ಯಂತ್ರ ಬದಲಿಸಲು ಹಣ ಎಲ್ಲಿ ಎಂದು ಯಾವ ಗ್ರಾಹಕರೂ ಕೇಳಿರಲಿಲ್ಲ.

112ರ ಚೀಲ ಬೇರೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಒಂದೇ ಸಂಖ್ಯೆಯಿರಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2015ರಲ್ಲಿ ಶಿಫಾರಸು ಮಾಡಿತು. ನಿರ್ಭಯಾ ನಿಧಿಯ ಹಣದಿಂದ 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲಾಗಿ ಮುಂದೆ ಕರ್ನಾಟಕಕ್ಕೂ ಬಂದಿತು.

ಉಳಿದದ್ದು 1033. ಇದು 2018ರ ಮಾರ್ಚಿನಲ್ಲಿ ಆರಂಭವಾಯಿತು. ಹೆದ್ದಾರಿಯ ಗಸ್ತು ವಾಹನ, ಕ್ರೇನ್, ಆಂಬುಲೆನ್ಸ್ ಇದರ ಕರೆಗೆ ಬರುತ್ತವೆ. ತಡಸದಿಂದ ಹಾವೇರಿಯತ್ತ ಹೋಗುವವರು ಬಂಕಾಪುರ ಟೋಲ್‌ನಲ್ಲಿ ಕೊಡುವ ಹಣದಲ್ಲಿ ಈ ಕಾಯುವಿಕೆಯ ಪಾಲೂ ಇದೆ. ಟೋಲ್‌ನಿಂದ 20 ಕಿ.ಮೀ. ಒಳಗಿನ ನಿವಾಸಿಗಳ ವಾಣಿಜ್ಯೇತರ ವಾಹನಗಳಿಗೆ ರಿಯಾಯಿತಿಯ ತಿಂಗಳ ಪಾಸು ಇದೆ. ಟ್ರೇಸಿಯ 48 ಡಾಲರಿನ ದೂರದ ನೆಂಟ ಎನ್ನಬಹುದು. ಒಂದು ವ್ಯತ್ಯಾಸವುಂಟು. ದ್ವಿಚಕ್ರ ವಾಹನದವರು ಟೋಲ್ ಕೊಡುವುದಿಲ್ಲ, ನಡೆದು ಹೋಗುವವರು ಕೊಡುವ ಪ್ರಶ್ನೆಯೇ ಇಲ್ಲ; ಬಿದ್ದಾಗ ಆಂಬುಲೆನ್ಸ್ ಅವರಿಗೂ ಬರುತ್ತದೆ. ಲಾರಿ, ಕಾರುಗಳ ಹಣದಲ್ಲಿ ಬೈಕ್ ಸವಾರರ ಪ್ರಾಣ ಉಳಿಯುತ್ತದೆ. ಆದರೆ ಈ ಏರ್ಪಾಡು ಹೆದ್ದಾರಿಯ ಅಂಚಿನವರೆಗೆ ಮಾತ್ರ. ಕ್ರಾಸಿನಲ್ಲಿ ತಿರುಗಿ ಮುಂಡಗೋಡದ ರಸ್ತೆಯಲ್ಲಿ ನಾಲ್ಕಾರು ಕಿಲೋಮೀಟರ್ ಹೋದ ಮೇಲೆ ಬಿದ್ದವರಿಗೆ ಬರಬೇಕಾದದ್ದು 108, ಅದರ ಬಿಲ್ಲು ಹೋಗುವುದು ಬೆಂಗಳೂರಿನ ಬೊಕ್ಕಸಕ್ಕೆ.